ಕಾಲು ಸುತ್ತು ತಿರುಗಿದ ಮನೆ

ಒಕ್ಲಹೋಮಾದ ಆ ಕಡೆ ಸೈರನ್ ಕೂಗಿದರೆ ಹೆಂಗಸರು ನೆಲಮಾಳಿಗೆಗೆ ಇಳಿಯುತ್ತಾರೆ, ಗಂಡಸರು ಜಗುಲಿಗೆ ಬರುತ್ತಾರೆ. ಸುಂಟರಗಾಳಿ ಯಾವ ಕಡೆಗೆ ಹೊರಟಿದೆ ಎಂದು ನೋಡಿ ಹೇಳುವುದು ಗಂಡಸಿನ ಕೆಲಸ. ಹೇಳಿದ್ದು ಸರಿಯಾದರೆ ಒಂದು ತಿಂಗಳು ಅದನ್ನೇ ಕೊಚ್ಚಿಕೊಳ್ಳುತ್ತಾನೆ. ತಪ್ಪಾದರೆ ಕೇಳುವುದಕ್ಕೆ ಅವನೇ ಸಿಗುವುದಿಲ್ಲ. ವರ್ಲಿನ್ ಟ್ಯಾಕೆಟ್ ತನ್ನ ಅರವತ್ತೆರಡು ವರ್ಷಗಳಲ್ಲಿ ಹದಿನೇಳು ಸುಂಟರಗಾಳಿ ನೋಡಿದ್ದ. ಒಂದಕ್ಕಂತೂ ಕಾಫಿ ಲೋಟ ಎತ್ತಿ ಸಲಾಮು ಹೊಡೆದಿದ್ದ.

ಹದಿನೆಂಟನೆಯದು ಬಂದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಆ ದಿನ ಅವನ ಹೆಂಡತಿ ಒನೀಟಾ ಅವನ ಕಾಲರ್ ಹಿಡಿದು ಅಂಗಳದ ನೆಲಮಾಳಿಗೆಗೆ ಎಳೆದುಕೊಂಡು ಹೋದಳು. ಹೀಗಾಗಿ ಅಕ್ಕಪಕ್ಕದ ಊರುಗಳಿಗೆ ಬಂದ ಹದಿನೇಳನ್ನೂ ಕಣ್ತುಂಬ ನೋಡಿದವನಿಗೆ ಸ್ವಂತ ಮನೆಗೇ ಬಂದದ್ದನ್ನು ನೋಡುವ ಯೋಗ ಇರಲಿಲ್ಲ.

ನಾಲ್ಕು ನಿಮಿಷದ ಮೇಲೆ ಬಾಗಿಲೆತ್ತಿ ನೋಡಿದರೆ ಮನೆ ಇತ್ತು. ಒಂದು ಗಾಜೂ ಒಡೆದಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಒನೀಟಾ ಆರಲು ಇಟ್ಟಿದ್ದ ಪೀಚ್ ಪೈ ಅಲ್ಲೇ ಆರುತ್ತಿತ್ತು. ಜಗುಲಿಯ ಮುಂದಿದ್ದ ಎರಡು ದೊಡ್ಡ ಪೆಕಾನ್ ಮರಗಳು ಮಾತ್ರ ಎಲ್ಲಿ ಹೋದವೋ ಗೊತ್ತಿಲ್ಲ. ಜಗುಲಿಯೂ ಅಲ್ಲಿರಲಿಲ್ಲ.

"ಒನೀಟಾ, ನಮ್ಮ ಮುಂಬಾಗಿಲು ಎಲ್ಲಿತ್ತೇ?"

"ಮುಂದೆ."

"ಈಗ ಪಕ್ಕದಲ್ಲಿದೆ ನೋಡು."

ಗಿಡ್ಡ ಸಿಮೆಂಟ್ ಕಂಬಗಳ ಮೇಲೆ ಕೂರಿಸಿದ ಮರದ ಮನೆ ಅದು. ಉದ್ದ ಮೂವತ್ತೆರಡು ಅಡಿ, ಅಗಲವೂ ಮೂವತ್ತೆರಡು. ಗಾಳಿ ಅದನ್ನು ಎತ್ತಿ, ಕಾಲು ಸುತ್ತು ತಿರುಗಿಸಿ, ಅವೇ ಕಂಬಗಳ ಮೇಲೆ ಒಂದಿಂಚೂ ತಪ್ಪದಂತೆ ಇಟ್ಟು ಹೋಗಿತ್ತು. ದಕ್ಷಿಣಕ್ಕಿದ್ದ ಜಗುಲಿ ಪಶ್ಚಿಮಕ್ಕೆ ಬಂದಿತ್ತು. ಗೇಟಿನಿಂದ ಬರುವ ಇಟ್ಟಿಗೆಯ ಕಾಲುದಾರಿ ನೆಟ್ಟಗೆ ಮಲಗುವ ಕೋಣೆಯ ಕಿಟಕಿಗೆ ಹೋಗುತ್ತಿತ್ತು.

ವರ್ಲಿನ್ ಅಷ್ಟನ್ನೂ ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ಪಶ್ಚಿಮಕ್ಕೆ, ರಸ್ತೆಯಾಚೆ ಅರವತ್ತು ಹೆಜ್ಜೆಗೆ, ಡಾಯ್ಲ್ ಬಸ್ಬಿಯ ಜಗುಲಿ ಇತ್ತು.

ಡಾಯ್ಲ್ ಒನೀಟಾಳ ಸ್ವಂತ ಅಣ್ಣ. ಒಂಬತ್ತು ವರ್ಷದ ಹಿಂದೆ ಚರ್ಚಿನಲ್ಲಿ ಚಿಲಿ ಎಂಬ ಖಾರದ ಮಾಂಸದಡುಗೆ ಕುದಿಸುವ ಸ್ಪರ್ಧೆ ನಡೆದಾಗ ಅವನೇ ತೀರ್ಪುಗಾರ. ವರ್ಲಿನ್ ಹಿಂದಿನ ರಾತ್ರಿಯಿಂದ ನಿದ್ದೆಗೆಟ್ಟು ಮಾಂಸ, ಮೆಣಸಿನಕಾಯಿ ಕುದಿಸಿದ್ದ. ಡಾಯ್ಲ್ ಒಂದು ಚಮಚ ರುಚಿ ನೋಡಿ ಅವನಿಗೆ ಮೂರನೇ ಬಹುಮಾನ ಕೊಟ್ಟ. ಸ್ಪರ್ಧೆಗೆ ನಿಂತವರು ಮೂರೇ ಜನ. ಎರಡನೇ ಬಹುಮಾನ ಬಂದವಳು ಅಂಗಡಿಯ ಡಬ್ಬಿ ತೆರೆದು ಬಿಸಿ ಮಾಡಿ ತಂದಿದ್ದಳು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ವರ್ಲಿನ್‌ನ ಜಗುಲಿ ಗೋಧಿ ಹೊಲದ ಕಡೆಗಿದ್ದದ್ದರಿಂದ ಮುಖ ನೋಡುವ ಕಷ್ಟವೂ ಇರಲಿಲ್ಲ. ಈಗ ದಿನಾ ಸಂಜೆ ಇಬ್ಬರೂ ತಮ್ಮ ತಮ್ಮ ಕುರ್ಚಿಯಲ್ಲಿ ಎದುರುಬದುರು ಕೂತಿರುತ್ತಿದ್ದರು. ಮೊದಲು ಎದ್ದವನು ಸೋತ ಹಾಗೆ. ಒಂದು ದಿನ ಇಬ್ಬರೂ ಊಟಕ್ಕೆ ಏಳದೆ, ಹೆಂಡತಿಯರು ತಟ್ಟೆಗಳನ್ನು ಜಗುಲಿಗೇ ತಂದುಕೊಡಬೇಕಾಯಿತು.

ಮನೆ ಎತ್ತುವವರನ್ನು ಕೇಳಿದರೆ, ಎತ್ತಿ ದಕ್ಷಿಣಕ್ಕೆ ತಿರುಗಿಸಿ ಇಡಲು ಮೂವತ್ತೆಂಟು ಸಾವಿರ ಡಾಲರ್ ಎಂದರು. ಅಷ್ಟು ದುಡ್ಡು ವಿಮೆ ಕಂಪನಿ ಕೊಟ್ಟರೆ ಉಂಟು, ಇಲ್ಲವಾದರೆ ಸಾಯುವ ತನಕ ಡಾಯ್ಲ್ ದರ್ಶನ.

ಕಂಪನಿಯಿಂದ ಟ್ರೆಂಟ್ ಲೈಡಿಗ್ ಎಂಬ ತಪಾಸಣೆಯವನು ಬಂದ. ಕೈಯಲ್ಲಿ ಟೇಪು, ಕಣ್ಣಲ್ಲಿ ಅನುಮಾನ. ಮನೆಯನ್ನು ಎರಡು ಸುತ್ತು ಹಾಕಿದ.

"ಮನೆ ತಿರುಗಿದೆ ಅಂತೀರಿ."

"ತಿರುಗಿದೆ."

"ಕಂಬದ ಮೇಲೆ ಸರಿಯಾಗೇ ಕೂತಿದೆಯಲ್ಲ ಸರ್."

"ಅದೇ ಕಷ್ಟ ಆಗಿರೋದು. ಗಾಳಿ ಕೈಕೆಲಸದಲ್ಲಿ ಗಟ್ಟಿಗ."

"ಮೊದಲು ದಕ್ಷಿಣಕ್ಕಿತ್ತು ಅನ್ನೋದಕ್ಕೆ ಪುರಾವೆ?"

"ಆ ಕಾಲುದಾರಿ ನೋಡಿ. ಯಾರಾದ್ರೂ ಬೆಡ್‌ರೂಮ್ ಕಿಟಕಿಗೆ ದಾರಿ ಹಾಕಿಸ್ತಾರಾ?"

ಲೈಡಿಗ್ ಯೋಚಿಸಿ, ಬರೆದುಕೊಂಡು ಹೋದ. ಹನ್ನೆರಡು ದಿನಕ್ಕೆ ಕಾಗದ ಬಂತು. ಮುರಿದ ಕೊಳಾಯಿಗೂ ಎರಡು ಮರಕ್ಕೂ ಸೇರಿ ಸಾವಿರದ ನೂರ ನಲವತ್ತು ಡಾಲರ್. ಕೆಳಗೆ ಒಂದು ಸಾಲು: "ಕಾಲುದಾರಿಯು ಮಲಗುವ ಕೋಣೆಯ ಕಿಟಕಿಗೆ ಹೋಗುವುದು ಮೂಲ ನಿರ್ಮಾಣದ ದೋಷ, ಇದು ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ."

ವರ್ಲಿನ್ ಆ ಸಾಲನ್ನು ಮೂರು ಸಲ ಓದಿದ. ಆಮೇಲೆ ತಕರಾರು ಅರ್ಜಿ ಬರೆದು ಪುರಾವೆ ಹುಡುಕಲು ಕೂತ.

ಊರಿನ ಹನ್ನೊಂದು ಜನ ಸಾಕ್ಷಿ ಬರೆದುಕೊಟ್ಟರು. ನಾಲ್ವರು ಮನೆ ದಕ್ಷಿಣಕ್ಕಿತ್ತು ಎಂದಿದ್ದರು, ಮೂವರು ಆಗ್ನೇಯಕ್ಕೆ, ಮೂವರು "ಹೆದ್ದಾರಿ ಕಡೆ". ಹನ್ನೊಂದನೆಯವಳು ದಿಕ್ಕಿನ ಗೊಡವೆಗೇ ಹೋಗದೆ, ಒನೀಟಾ ಒಳ್ಳೆಯ ಹೆಂಗಸು ಎಂದು ಒಂದೂವರೆ ಪುಟ ಬರೆದಿದ್ದಳು. ಆಕಾಶದಿಂದ ತೆಗೆದ ನಕ್ಷೆಯಲ್ಲಿ ಪೆಕಾನ್ ಮರಗಳ ತಲೆ ಕಾಣುತ್ತಿತ್ತು, ಅವುಗಳಡಿಯ ಮನೆ ಕಾಣುತ್ತಿರಲಿಲ್ಲ. ಮನೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೋಗಳು ಇಪ್ಪತ್ತಿದ್ದವು. ಇಪ್ಪತ್ತರಲ್ಲೂ ವರ್ಲಿನ್ ತಾನು ಹಿಡಿದ ಮೀನನ್ನು ದೊಡ್ಡದಾಗಿ ಕಾಣಲಿ ಎಂದು ಕೈ ಚಾಚಿ ಕ್ಯಾಮೆರಾದ ಮೂತಿಗೇ ಹಿಡಿದಿದ್ದ. ಮೀನು ದೊಡ್ಡದಾಗಿಯೇ ಕಂಡಿತ್ತು. ಮನೆ ಅದರ ಹಿಂದೆಲ್ಲೋ ಇತ್ತು.

ಲೈಡಿಗ್ ಫೋನ್ ಮಾಡಿದ. "ಗುರುವಾರ ಇನ್ನೊಂದ್ಸಲ ಬರ್ತೀನಿ ಸರ್. ಅವತ್ತೂ ಏನೂ ಇಲ್ಲಾಂದ್ರೆ ಫೈಲ್ ಮುಚ್ಚಿಬಿಡ್ತೀವಿ."

ಬುಧವಾರ ಸಂಜೆ ವರ್ಲಿನ್ ಜಗುಲಿಯಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಡಾಯ್ಲ್‌ನನ್ನು ನೋಡದ ಹಾಗೆ ನೋಡುತ್ತ ಕೂತಿದ್ದ. ಒನೀಟಾ ಬೀನ್ಸ್ ಬಿಡಿಸುತ್ತ ಹೇಳಿದಳು:

"ಅವನು ವಿಡಿಯೋ ತೆಗೆದಿದ್ದಾನೆ."

"ಯಾರು?"

"ಎದುರಿಗೆ ಕೂತಿರೋನು. ಗಾಳಿ ಬಂದಾಗಿಂದ ಹೋಗೋವರೆಗೂ, ಜಗುಲಿ ಮೇಲೆ ನಿಂತು. ಅತ್ತಿಗೆ ಅವತ್ತೇ ಹೇಳಿದ್ಲು."

"ಇಷ್ಟು ದಿನದಿಂದ ಗೊತ್ತಿದ್ದೂ ನನಗೆ ಹೇಳಲಿಲ್ವಾ?"

"ಅವನ ಹೆಸರೆತ್ತಬೇಡ ಅಂದಿದ್ದೆ ನೀನು. ಒಂಬತ್ತು ವರ್ಷದಿಂದ ಎತ್ತಿಲ್ಲ. ಈಗಲೂ ಎತ್ತಲಿಲ್ಲ, ಗಮನಿಸಿದ್ಯಾ?"

ವರ್ಲಿನ್ ಎದ್ದ. ತಾನೇ ಮೊದಲು ಎದ್ದೆ ಎಂಬುದು ಮೂರು ಹೆಜ್ಜೆ ನಡೆದ ಮೇಲೆ ಹೊಳೆಯಿತು. ಆದರೆ ತಿರುಗಿ ಹೋಗಿ ಕೂತರೆ ಇನ್ನೂ ಅವಮಾನ. ರಸ್ತೆ ದಾಟಿದ.

"ಡಾಯ್ಲ್."

"ವರ್ಲಿನ್."

ಒಂಬತ್ತು ವರ್ಷದ ಕುಶಲ ವಿಚಾರಣೆ ಅಲ್ಲಿಗೆ ಮುಗಿಯಿತು.

"ನಿನ್ನ ಹತ್ರ ಒಂದು ವಿಡಿಯೋ ಇದೆಯಂತೆ."

"ಇದ್ರೆ?"

"ನನಗೆ ಬೇಕು. ನಾಳೆ ಕಂಪನಿಯೋನು ಬರ್ತಾನೆ."

"ಕೊಡಕ್ಕಾಗಲ್ಲ."

"ಯಾಕೆ, ಅದಕ್ಕೂ ಮೂರನೇ ಬಹುಮಾನ ಬಂದಿದ್ಯಾ?"

ಡಾಯ್ಲ್‌ನ ಕಿವಿ ಕೆಂಪಾದವು. "ನೀನು ಜಗುಲಿ ಕಂಬಕ್ಕೆ ಬಣ್ಣ ಬಳೀಬೇಕು, ಎದ್ದು ಬಂದಿದೆ" ಎಂದ. ಆಮೇಲೆ, "ಶಬ್ದ ತೆಗೆದು ಕೊಡ್ತೀನಿ. ಚಿತ್ರ ಮಾತ್ರ."

"ಶಬ್ದ ಯಾರಿಗೆ ಬೇಕು ಮಾರಾಯ? ಗಾಳಿ ಏನು ಭಾಷಣ ಮಾಡಿತ್ತಾ?"

ಗುರುವಾರ ಹತ್ತು ಗಂಟೆಗೆ ಲೈಡಿಗ್ ವರ್ಲಿನ್‌ನ ಜಗುಲಿಯಲ್ಲಿ ನಿಂತು, ಡಾಯ್ಲ್ ತಂದ ಆ ಮೂಕ ವಿಡಿಯೋ ನೋಡಿದ. ಮನೆ ದಕ್ಷಿಣಕ್ಕೆ ಮುಖ ಮಾಡಿ ನಿಂತಿತ್ತು, ಎದ್ದಿತು, ತಿರುಗಿತು, ಇಳಿಯಿತು. ಅವನು ಫೋನ್ ವಾಪಸ್ ಕೊಟ್ಟ.

"ಇದು ನಡೆಯಲ್ಲ ಸರ್. ಶಬ್ದ ತೆಗೆದಿದ್ದಾರೆ. ಶಬ್ದ ತೆಗೆದೋರು ಮನೆನೂ ತಿರುಗಿಸಿರಬಹುದು. ಮೂಲ ವಿಡಿಯೋ ಬೇಕು."

ಎಲ್ಲರೂ ಡಾಯ್ಲ್ ಕಡೆ ನೋಡಿದರು. ಡಾಯ್ಲ್ ಕಂಬದ ಬಣ್ಣ ನೋಡುತ್ತಿದ್ದ.

"ಅಣ್ಣ," ಎಂದಳು ಒನೀಟಾ, "ನಿನ್ನೆ ಪೋಸ್ಟಿನೋನು ಕಾಲುದಾರೀಲೇ ನಡ್ಕೊಂಡು ಬಂದು ಕಿಟಕಿ ತಟ್ಟಿದ. ನಾನು ಬರೀ ಒಳಲಂಗದಲ್ಲಿದ್ದೆ. ನನಗೆ ಅರವತ್ತಾಯ್ತು ಕಣೋ."

ಡಾಯ್ಲ್ ನಿಟ್ಟುಸಿರು ಬಿಟ್ಟು ಮೂಲದ್ದನ್ನು ಹಚ್ಚಿಕೊಟ್ಟ. ಕೊಟ್ಟವನೇ ಎಲ್ಲರಿಗೂ ಬೆನ್ನು ಮಾಡಿ ನಿಂತ.

ಅದೇ ಮನೆ, ಅದೇ ಬೂದು ಬಣ್ಣದ ಕಂಬದಂಥ ಗಾಳಿ. ಆದರೆ ಈಗ ಅದರ ಮೊರೆತದ ಮೇಲೆ ಡಾಯ್ಲ್‌ನ ದನಿ ಕೇಳಿಸಿತು.

"ದೇವರೇ, ಆ ದಡ್ಡ ಜಗುಲಿ ಮೇಲೇ ಇರ್ತಾನೆ. ಯಾವಾಗಲೂ ಅಲ್ಲೇ ಇರ್ತಾನೆ." ಮನೆ ಕಂಬ ಬಿಟ್ಟು ಮೇಲೆದ್ದಿತು. "ದೇವರೇ, ಒಳಗೆ ನನ್ನ ತಂಗಿ ಇದ್ದಾಳೆ. ಕೇಳಿಸ್ಕೊ, ಅವನ ಚಿಲಿ ಮೊದಲನೇದು. ಅಂಥದ್ದು ನಾನು ಜನ್ಮದಲ್ಲಿ ತಿಂದಿಲ್ಲ. ನನ್ನ ನಟ್ಟು-ಬೋಲ್ಟಿನ ಪಾನಾ ಸೆಟ್ ತಗೊಂಡು ಹೋಗಿ ವಾಪಸ್ ಕೊಡಲಿಲ್ಲ ಅನ್ನೋ ಸಿಟ್ಟಿಗೆ ಮೂರನೇದು ಮಾಡ್ದೆ. ತಪ್ಪಾಯ್ತು. ಕೆಳಗಿಡಪ್ಪ. ಮೆಲ್ಲಗೆ." ಮನೆ ಮೆಲ್ಲಗೆ ಇಳಿಯಿತು. ಸ್ವಲ್ಪ ಹೊತ್ತು ಬರೀ ಉಸಿರಾಟ. ಆಮೇಲೆ ಇನ್ನೊಂದು ಮಾತು: "ದೊಡ್ಡ ಉಪಕಾರ ಆಯ್ತು ದೇವರೇ. ದಿಕ್ಕು ಮಾತ್ರ ಒಂಚೂರು..." ಅಲ್ಲಿಗೆ ವಿಡಿಯೋ ನಿಂತಿತು.

ವರ್ಲಿನ್ ಗಂಟಲು ಸರಿ ಮಾಡಿಕೊಂಡ.

"ಸಾಹೇಬ್ರೇ, ಮನೆ ಏಳೋದು ಸರಿಯಾಗಿ ಕಾಣಲಿಲ್ಲ. ಆ 'ಮೊದಲನೇದು' ಅನ್ನೋ ಜಾಗದಿಂದ ಇನ್ನೊಂದ್ಸಲ ಹಾಕಿ."

ಲೈಡಿಗ್ ಇನ್ನೊಂದು ಸಲ ಹಾಕಿದ. ವರ್ಲಿನ್ ಕೇಳಿದ್ದಕ್ಕೆ ಮತ್ತೂ ಒಂದು ಸಲ.

"ಕಂಪನಿಗೆ ಕಳಿಸುವಾಗ ಆ ಮಾತು ಕತ್ತರಿಸ್ತೀರಾ?" ಎಂದು ಡಾಯ್ಲ್ ಬೆನ್ನು ತಿರುಗಿಸಿಕೊಂಡೇ ಕೇಳಿದ.

"ಆಗಲ್ಲ ಸರ್. ಚಿಲಿ ಸಮೇತ ದಾಖಲೆಗೆ ಹೋಗ್ತದೆ."

ಆಗಸ್ಟಿನಲ್ಲಿ ಕಂಪನಿ ಪೂರ್ತಿ ದುಡ್ಡು ಕೊಟ್ಟಿತು. ಗಾಳಿ ಹನ್ನೊಂದು ಸೆಕೆಂಡಿನಲ್ಲಿ ಮಾಡಿದ ಕೆಲಸವನ್ನು ಎಂಟು ಜನ ಎರಡು ದಿನ ಬೆವರು ಸುರಿಸಿ ಸರಿ ಮಾಡಿದರು, ಅದರಲ್ಲೂ ನಾಲ್ಕು ಗಾಜು ಒಡೆದರು. ಜಗುಲಿ ಮತ್ತೆ ದಕ್ಷಿಣಕ್ಕೆ ಬಂತು. ಸಂಜೆ ವರ್ಲಿನ್ ಕುರ್ಚಿ ಹಾಕಿಕೊಂಡು ಕೂತ. ಗೋಧಿ ಕೊಯ್ದ ಹೊಲ. ಬಯ್ಯುವುದಕ್ಕೆ ಒಂದು ನರಪಿಳ್ಳೆಯೂ ಕಾಣಲಿಲ್ಲ. ಹತ್ತು ನಿಮಿಷ ತಡೆದುಕೊಂಡ. ಆಮೇಲೆ ಶೆಡ್ಡಿಗೆ ಹೋಗಿ, ಹತ್ತು ವರ್ಷದಿಂದ ತನ್ನದೇ ಎಂದು ನಂಬಿಕೊಂಡಿದ್ದ ಪಾನಾ ಸೆಟ್ಟಿನ ಪೆಟ್ಟಿಗೆ ಎತ್ತಿಕೊಂಡು ರಸ್ತೆ ದಾಟಿದ.

ಡಾಯ್ಲ್‌ನ ಜಗುಲಿಯಲ್ಲಿ ಎರಡು ಕುರ್ಚಿ ಹಾಕಿತ್ತು. ಡಾಯ್ಲ್ ಪೆಟ್ಟಿಗೆ ತೆರೆದು ಒಂದೊಂದನ್ನೇ ಮುಟ್ಟಿ ನೋಡಿದ.

"ಅರ್ಧ ಇಂಚಿಂದು ಎಲ್ಲಿ?"

"ಅದು ಮೊದಲು ಇತ್ತು ಅನ್ನೋದಕ್ಕೆ ಪುರಾವೆ?" ಎಂದ ವರ್ಲಿನ್, ಖಾಲಿ ಕುರ್ಚಿಯಲ್ಲಿ ಕೂರುತ್ತ.

"ಇಲ್ಲಿ ಅದರ ಗುಳಿ ಖಾಲಿ ಇದೆಯಲ್ಲೋ."

"ಮೂಲ ನಿರ್ಮಾಣದ ದೋಷ."