ಹಿಂಗಾಲು ಸತ್ತ ಕಪ್ಪೆ

"ನಿನ್ನ ಕೈಗೆ ಸ್ಪ್ಯಾನರ್ ಕೊಟ್ಟಿದ್ದೇ ದೊಡ್ಡ ತಪ್ಪಾಯ್ತು!"

"ಕೊಟ್ಟಿದ್ದು ನೀನಲ್ಲ, ಅಪ್ಪ!"

"ಅಪ್ಪ ಇದ್ದಿದ್ರೆ ಇವತ್ತು ಅವರೇ ಕಿತ್ಕೋತಿದ್ರು. ನೋಡು, ಕಣ್ಣು ಬಿಟ್ಟು ನೋಡು, ನೀನು ಮಾಡಿರೋ ಘನಕಾರ್ಯ!"

ಅಣ್ಣ ಕೈ ಚಾಚಿದ ಕಡೆ, ಗ್ಯಾರೇಜಿನ ಹಿಂದೆ ಗಾಡಿ ತೊಳೆಯುವ ಇಳಿಜಾರು ಕಟ್ಟೆಯ ಮೇಲೆ, ಹಸಿರು ಕಾರೊಂದು ಅರಚಿಕೊಳ್ಳುತ್ತಿತ್ತು. ಮುಂದಿನ ಚಕ್ರಗಳು ಸೋಪಿನ ನೊರೆಯಲ್ಲಿ ಗಿರಗಿರ ತಿರುಗಿ ಗೋಡೆಗೆಲ್ಲ ನೊರೆ ಎರಚುತ್ತಿದ್ದವು. ಹಿಂದಿನ ಚಕ್ರಗಳು ಮಾತ್ರ ಮದುವೆ ಮನೆಗೆ ಬಂದ ದೂರದ ನೆಂಟರ ಹಾಗೆ, ನಮಗೂ ಇದಕ್ಕೂ ಸಂಬಂಧವೇ ಇಲ್ಲವೆಂದು ಸುಮ್ಮನೆ ಕೂತಿದ್ದವು. ಗಾಡಿ ಗೇಣುದ್ದ ಮೇಲೆ ಹತ್ತುವುದು, ಮತ್ತೆ ಜಾರಿ ಕೆಳಗೆ ಬರುವುದು.

"ಸಾಕು, ಆಫ್ ಮಾಡಿ ಮೇಡಂ!" ಎಂದು ಅಣ್ಣ ಕೂಗಿದ.

ಸ್ಟಿಯರಿಂಗ್ ಬಿಟ್ಟು ಕೆಳಗಿಳಿದವಳು ಹಿಂದಿನ ಬೀದಿಯ ಬೇಕರಿ ಯಜಮಾನಿ. ವಾರವೆಲ್ಲ ಬ್ರೆಡ್ಡು, ಬನ್ನು, ಹಿಟ್ಟು ಮೆತ್ತಿದ ಮೊಣಕೈ. ಭಾನುವಾರ ಬಂತೆಂದರೆ ತಲೆಗೆ ಹೆಲ್ಮೆಟ್ ಏರಿಸಿ ಗುಡ್ಡ ಹತ್ತುವ ರೇಸಿಗೆ ಹೊರಡುತ್ತಿದ್ದಳು. ಅವಳದು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ. ತಿರುವಿನಲ್ಲಿ ಹಿಂಗಾಲು ಒದ್ದು ಹಾರುವ ಅದರ ಚಾಳಿ ನೋಡಿ ಅವಳೇ ಅದಕ್ಕೆ 'ಕಪ್ಪೆ' ಎಂದು ಹೆಸರಿಟ್ಟಿದ್ದಳು. ಈಗ ಆ ಹಿಂಗಾಲೇ ಸತ್ತಿತ್ತು. ರೇಸು ನಾಡಿದ್ದು.

"ಸ್ಕ್ಯಾನರ್ ಹಾಕಿ ನೋಡ್ದೆ, ಒಂದು ತಪ್ಪೂ ತೋರಿಸ್ತಿಲ್ಲ" ಎಂದ ಅಣ್ಣ. "ವೈರಿಂಗ್ ಸರಿಯಿದೆ ಅಂದ್ರೆ ಒಳಗೇ ಏನೋ ಮುರಿದಿದೆ. ಹಿಂದಿನ ಚಕ್ರ ತಿರುಗಿಸೋ ಡಿಫರೆನ್ಷಿಯಲ್ ಪೂರ್ತಿ ಬದಲಾಯಿಸ್ಬೇಕು. ಅದು ಹಡಗಲ್ಲಿ ಬರ್ಬೇಕು. ಈ ಸಲದ ರೇಸ್ ಮರೆತುಬಿಡಿ. ಯಾಕೆ ಹೀಗಾಯ್ತು ಅಂತೀರಾ? ಅಲ್ಲಿ ಎಣ್ಣೆ ಬದಲಾಯಿಸಿದ್ದು ಯಾರು, ಕೇಳಿ."

ತಂಗಿಗೆ ಮೈಯೆಲ್ಲ ಉರಿದುಹೋಯಿತು. ಅವಳಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು, ಇವತ್ತು ಅಲ್ಲಿಂದಲೂ ಜಾರಿತು.

"ನಾನು ಹಾಕಿದ್ದು ಸರಿಯಾದ ಎಣ್ಣೆ. ಡಬ್ಬ ಇನ್ನೂ ಆ ಕಪಾಟಿನಲ್ಲೇ ಇದೆ, ಓದ್ಕೋ. ಓದೋಕೆ ಬರುತ್ತಲ್ಲ?"

"ಬಾಯಿಗೇನೂ ಕಮ್ಮಿಯಿಲ್ಲ. ಕೇಳಿಸ್ಕೋ, ಇದು ನಿನ್ನ ಕೈಯಿಂದ ಕೆಟ್ಟಿದ್ದು ಅಂತ ಗೊತ್ತಾದ್ರೆ ಇವತ್ತೇ ಸ್ಪ್ಯಾನರ್ ಕೆಳಗಿಡು. ಪಂಚರ್ ಹಾಕ್ಕೊಂಡು, ಫೋನ್ ಎತ್ಕೊಂಡು ಇರು."

"ನನ್ನ ಕೈಯಿಂದ ಅಲ್ಲ ಅಂತ ಗೊತ್ತಾದ್ರೆ?"

"ಆವಾಗ ನೋಡೋಣ."

"ನೋಡೋದೇನಿದೆ? ಇವರೆದುರಿಗೆ ಬಾಯಿಬಿಟ್ಟು ಹೇಳ್ಬೇಕು, ನನ್ನ ತಂಗಿ ಕೆಲಸ ಸರಿಯಿತ್ತು ಅಂತ. ಅಷ್ಟು ಸಾಕು ನಂಗೆ."

"ಹೇಳ್ತೀನಿ ಹೋಗು. ಅದೇನು ಮಹಾ!"

ಮಹಾ ಅಲ್ಲ ಎಂದವನಿಗೆ ಅದರ ತೂಕ ಎಲ್ಲಿ ಗೊತ್ತಾಗಬೇಕು? ಅಪ್ಪ ಇಬ್ಬರಿಗೂ ಒಟ್ಟಿಗೇ ಕೆಲಸ ಕಲಿಸಿದ್ದ. ಒಂದೇ ಎಂಜಿನ್ನಿಗೆ ಇಬ್ಬರನ್ನೂ ಬಗ್ಗಿಸಿ, ಒಬ್ಬರು ತಪ್ಪು ಮಾಡಿದರೆ ಇಬ್ಬರ ತಲೆಗೂ ಮೊಟಕಿದ್ದ. ಅಪ್ಪ ಹೋದ ಮೇಲೆ ಊರಿನ ಬಾಯಲ್ಲಿ ಅಣ್ಣ 'ಮೇಸ್ತ್ರಿ' ಆದ. ಅವಳು 'ಮೇಸ್ತ್ರಿ ತಂಗಿ' ಆಗಿ ಉಳಿದಳು. ತಲೆ ನರೆಯಲು ಶುರುವಾಗಿತ್ತು, ಹೆಸರು ಮಾತ್ರ ಅದೇ. ಫೋನ್ ಎತ್ತಿದರೆ ಸಾಕು, "ಮೇಸ್ತ್ರಿ ಇಲ್ವಾಮ್ಮ?" ಈಗ ಆ ತಂಗಿಯ ಕೈಯಿಂದ ಕೆಲಸವೂ ಜಾರುವ ಹೊತ್ತು.

"ನೀವು ಜಗಳ ಮುಗಿಸಿ ಹೇಳಿ, ನನ್ನ ಬೇಕರಿ ಹಿಂದೆ ಗೋದಾಮು ಖಾಲಿ ಬಿದ್ದಿದೆ, ಬೇಕಿದ್ರೆ ಅಲ್ಲಿಗೆ ತಳ್ಕೊಂಡು ಹೋಗ್ತೀನಿ" ಎಂದಳು ಯಜಮಾನಿ, ನೊರೆ ಒರೆಸಿಕೊಳ್ಳುತ್ತ.

"ತಳ್ಳೋದೇನೂ ಬೇಡ ಅಕ್ಕ. ಲಿಫ್ಟ್ ಮೇಲೆ ಹತ್ತಿಸಿ" ಎಂದಳು ತಂಗಿ.

ಯಜಮಾನಿಯನ್ನು ಹೊತ್ತೇ ಗಾಡಿ ಮೇಲೇರಿತು. ಅದರ ಹೊಟ್ಟೆಯ ಕೆಳಗೆ ನಿಂತು ಅವಳು ಉದ್ದನೆಯ ಶಾಫ್ಟಿನ ಜಾಡು ಹಿಡಿದು ಹಿಂದಕ್ಕೆ ನಡೆದಳು. ಎಂಜಿನ್ನಿನ ಬಲ ಈ ಶಾಫ್ಟಿನಲ್ಲಿ ಹಿಂದಕ್ಕೆ ಬರುತ್ತದೆ. ಹಿಂದಿನ ಚಕ್ರಗಳನ್ನು ಸೇರುವ ಮೊದಲು ನಡುವೆ ಒಂದು ಕಪ್ಲಿಂಗ್ ಇದೆ, ತೆಂಗಿನಕಾಯಿಗಿಂತ ಒಂದಿಷ್ಟು ದೊಡ್ಡದು. ಅದರೊಳಗೆ ತೆಳ್ಳನೆಯ ಪ್ಲೇಟುಗಳು. ಮಗ್ಗುಲಲ್ಲೊಂದು ಪುಟ್ಟ ಪಂಪು ಎಣ್ಣೆಯನ್ನು ಒತ್ತಿದರೆ ಪ್ಲೇಟುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಹಿಂದಿನ ಚಕ್ರ ತಿರುಗುತ್ತದೆ. ಪಂಪು ಒತ್ತದಿದ್ದರೆ ಶಾಫ್ಟು ತನ್ನ ಪಾಡಿಗೆ ತಾನು ತಿರುಗುತ್ತದೆ, ಚಕ್ರ ತನ್ನ ಪಾಡಿಗೆ ತಾನು ಕೂತಿರುತ್ತದೆ.

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡಳು. "ಸ್ಟಾರ್ಟ್ ಮಾಡಿ ಅಕ್ಕ." ಎಂಜಿನ್ನಿನ ಗುಡುಗು ಕೇಳಿತು, ಪಂಪಿನ ಸದ್ದು ಕೇಳಲಿಲ್ಲ.

"ಡಿಫರೆನ್ಷಿಯಲ್ ಅಲ್ಲ. ಪಂಪು ಮಲಗಿದೆ."

"ಪಂಪು ಸತ್ತಿದ್ರೆ ಸ್ಕ್ಯಾನರ್ ಹೇಳ್ತಿರ್ಲಿಲ್ವಾ?" ಎಂದ ಅಣ್ಣ.

"ಸ್ಕ್ಯಾನರ್‌ಗೆ ಕರೆಂಟ್ ಹೋಗ್ತಿದೆಯಾ ಅಂತಷ್ಟೇ ಗೊತ್ತು. ಒಳಗೆ ಗಂಟಲು ಕಟ್ಟಿದ್ರೆ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ಬೋಲ್ಟು ಬಿಚ್ಚಿ ಪಂಪನ್ನು ಎಳೆದಳು. ಕೆಳಗಿಟ್ಟ ತಟ್ಟೆಗೆ ಎಣ್ಣೆ ಸುರಿಯಿತು, ಅದರ ಹಿಂದೆಯೇ ಸೀದ ವಾಸನೆ. ಪಂಪಿನ ಬಾಯಿಗಿದ್ದ ಪುಟ್ಟ ಜರಡಿ ಕಾಣುತ್ತಲೇ ಇರಲಿಲ್ಲ, ಕಪ್ಪು ಕಾಡಿಗೆಯಂಥ ಗಸಿ ಅದನ್ನು ಪೂರ್ತಿ ಮುಚ್ಚಿತ್ತು. ಗಂಟಲು ಕಟ್ಟಿದ್ದು ನಿಜ. ಅಣ್ಣ ತಟ್ಟೆಯಲ್ಲಿ ಬೆರಳದ್ದಿ ಮೂಸಿ ನೋಡಿದ.

"ನೋಡಿ ಮೇಡಂ, ನಾನು ಹೇಳಿದ್ದು ಇದೇ. ಇವಳ ಎಣ್ಣೆ! ಕೆಲವು ತಿಂಗಳಲ್ಲೇ ಸುಟ್ಟು ಕರಕಲಾಗಿದೆ. ಹಾಕಿದ್ದು ನಾನೇ ಅಂತ ನಿನ್ನ ಬಾಯಿಂದಲೇ ಒಪ್ಕೊಂಡಿದ್ದೀಯ."

ತಂಗಿಯೂ ಬೆರಳದ್ದಿ ಮೂಸಿದಳು. ಹೊಸ ಎಣ್ಣೆ ಇಷ್ಟು ಬೇಗ ಸುಡುವುದಿಲ್ಲ. ಎಣ್ಣೆ ತಪ್ಪಾಗಿರಬೇಕು, ಇಲ್ಲವೇ ಯಾರೋ ಅದನ್ನು ಸುಟ್ಟಿರಬೇಕು. ಕಪಾಟಿಗೆ ಹೋಗಿ ಡಬ್ಬ ತಂದು ಗಾಡಿಯ ಪುಸ್ತಕದ ಪಕ್ಕ ಇಟ್ಟಳು. ನಂಬರ್ ಒಂದೇ. ಹಾಗಾದರೆ ಸುಟ್ಟವರು ಯಾರು? ಪ್ಲೇಟುಗಳು ಬಿಗಿಯಾಗಿ ಹಿಡಿದರೆ ಬಿಸಿಯಾಗುವುದಿಲ್ಲ, ಪೂರ್ತಿ ಬಿಟ್ಟರೂ ಆಗುವುದಿಲ್ಲ. ಅರ್ಧ ಹಿಡಿದು ಅರ್ಧ ಜಾರುತ್ತ ಉಜ್ಜಿಕೊಂಡೇ ಇದ್ದರೆ ಮಾತ್ರ ಸುಡುತ್ತವೆ. ನೇರ ರಸ್ತೆಯಲ್ಲೂ ಉಜ್ಜಿಕೊಳ್ಳುವಂಥದ್ದು ಏನಾಯಿತು?

ಪೆಟ್ರೋಲಿನಲ್ಲಿ ಬ್ರಷ್ ಅದ್ದಿ ಜರಡಿಯನ್ನು ಉಜ್ಜುತ್ತ ಯೋಚಿಸಿದಳು. ಕಣ್ಣು ತಾನಾಗಿ ಮೇಲಕ್ಕೆ ಹೋಯಿತು. ತಲೆಯ ಮೇಲೆ ಕಪ್ಪೆಯ ನಾಲ್ಕು ಕಾಲುಗಳು ನೇತಾಡುತ್ತಿದ್ದವು. ಮುಂದಿನ ಟೈರುಗಳಲ್ಲಿ ಹೊಸ ರಬ್ಬರಿನ ಸಣ್ಣ ಕೂದಲುಗಳು ಇನ್ನೂ ಅಲ್ಲಲ್ಲಿ ಉಳಿದಿದ್ದವು. ಹಿಂದಿನವು ಸವೆದು ನುಣ್ಣಗಾಗಿದ್ದವು.

"ಈ ಟೈರ್ ಯಾರು ಹಾಕಿದ್ದು?"

"ನಾನು. ಅಮ್ಮನ ಕಣ್ಣಿನ ಆಪರೇಷನ್‌ಗೆ ನೀನು ಆಸ್ಪತ್ರೆಲಿ ಕೂತಿದ್ದಾಗ. ಮುಂದಿನವು ಸವೆದಿದ್ವು, ಹೊಸದು ಮುಂದೆ ಹಾಕ್ದೆ. ಯಾಕೆ, ಅದೂ ತಪ್ಪಾ?"

ತಂಗಿ ಗೋಡೆ ನೋಡಿದಳು. ಅಪ್ಪ ತನ್ನ ಕೈಯಿಂದಲೇ ಬಣ್ಣದಲ್ಲಿ ಬರೆದ ಸಾಲು, ಒಂದೊಂದು ಅಕ್ಷರವೂ ಮೊಳದುದ್ದ: ಹೊಸದು ಮುಂದೆ, ಹಳೇದು ಹಿಂದೆ. ಅಪ್ಪ ದುಡಿದದ್ದೆಲ್ಲ ಹಳೆಯ ಟ್ಯಾಕ್ಸಿಗಳ ಮೇಲೆ. ಎರಡು ಹೊಸ ಟೈರು ಕೊಳ್ಳುವುದೇ ಆ ಡ್ರೈವರುಗಳಿಗೆ ಕಷ್ಟ, ಕೊಂಡರೆ ಸ್ಟಿಯರಿಂಗ್ ಇರುವ ಮುಂದಕ್ಕೇ ಇರಲಿ ಎಂದು ಬರೆದದ್ದು. ಆ ಸಾಲಿಗೆ ಈ ಮನೆಯಲ್ಲಿ ಯಾರೂ ಎದುರಾಡಿದವರಲ್ಲ. ಗಾಡಿಗಳ ತಳಿಯೇ ಬದಲಾಯಿತು, ಗೋಡೆಯ ಸಾಲು ಬದಲಾಗಲಿಲ್ಲ.

"ಗಾಡಿ ಕೆಳಗಿಳಿಸು" ಎಂದಳು.

ಅಂಗಳದಲ್ಲಿ ಗಾಡಿ ನಿಲ್ಲಿಸಿ ನಾಲ್ಕೂ ಟೈರಿಗೆ ಅಣ್ಣನ ಕೈಯಲ್ಲೇ ಗಾಳಿ ಹಿಡಿಸಿದಳು, ಆಮೇಲೆ ಅವನು ಗಾಳಿಯ ನೆಪ ಹೇಳಬಾರದು. ಸೀಮೆಸುಣ್ಣ ತೆಗೆದುಕೊಂಡು ಒಂದೇ ಮಗ್ಗುಲಿನ ಮುಂದಿನ ಟೈರಿಗೊಂದು, ಹಿಂದಿನ ಟೈರಿಗೊಂದು ಗೆರೆ ಎಳೆದಳು. ಎರಡೂ ನೆಲಕ್ಕೆ ತಾಗುವ ಜಾಗದಲ್ಲಿ, ಎರಡೂ ನೇರ ಕೆಳಕ್ಕೆ.

"ತಳ್ಳು."

"ಏನಿದು, ಕುಂಟೆಬಿಲ್ಲೆ ಆಟನಾ?"

"ತಳ್ಳೋ ಮಾರಾಯ!"

ಅಣ್ಣ, ಯಜಮಾನಿ ಇಬ್ಬರೂ ತಳ್ಳಿದರು. ತಂಗಿ ಮಗ್ಗುಲಲ್ಲಿ ಬಗ್ಗಿಕೊಂಡೇ ನಡೆದಳು. ಮೊದಲ ಸುತ್ತಿನಲ್ಲಿ ಎರಡೂ ಗೆರೆ ಹೆಚ್ಚುಕಡಿಮೆ ಒಟ್ಟಿಗೇ ನೆಲ ಮುಟ್ಟಿದವು. ಮತ್ತೊಂದಷ್ಟು ಸುತ್ತಿಗೆ ಹಿಂದಿನ ಗೆರೆ ಅವಸರ ಮಾಡತೊಡಗಿತು. ಅಂಗಳದ ಕೊನೆ ಮುಟ್ಟಿದಾಗ ಮುಂದಿನ ಗೆರೆ ನೇರ ಕೆಳಗಿತ್ತು, ಹಿಂದಿನ ಗೆರೆ ಆಗಲೇ ನೆಲ ದಾಟಿ ಮೇಲಕ್ಕೆ ಹೊರಟಿತ್ತು.

"ಬಗ್ಗಿ ನೋಡು" ಎಂದಳು. "ಸವೆದ ಟೈರು ಚಿಕ್ಕದು, ಅದು ಜಾಸ್ತಿ ಸುತ್ತುತ್ತೆ. ಹೊಸದು ದೊಡ್ಡದು, ಅದು ಕಮ್ಮಿ ಸುತ್ತುತ್ತೆ. ಟ್ಯಾಕ್ಸಿಲಿ ಯಾರಿಗೂ ನೋವಿಲ್ಲ, ಹಿಂದಿನದಕ್ಕೂ ಮುಂದಿನದಕ್ಕೂ ನಂಟೇ ಇಲ್ಲ. ಇದ್ರಲ್ಲಿ ಎರಡನ್ನೂ ಕಟ್ಟಿ ಹಾಕಿದ್ದಾರೆ. ಒಬ್ಬ ಓಡು ಅಂತಾನೆ, ಒಬ್ಬ ನಿಲ್ಲು ಅಂತಾನೆ, ನಡುವೆ ಪ್ಲೇಟು ದಿನಾ ಉಜ್ಜಿ ಉಜ್ಜಿ ಸಾಯುತ್ತೆ. ಎಣ್ಣೆ ಸುಟ್ಟಿದ್ದು ನಾನಲ್ಲ."

ಅಣ್ಣ ಗೆರೆಯನ್ನು ನೋಡಿದ, ಗೋಡೆಯನ್ನು ನೋಡಿದ. ಅವನ ಮುಖ ಹುಳ್ಳಗಾಯಿತು.

ಬಾಗಿಲಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. "ಸದ್ಯ, ನಿಮ್ಮಪ್ಪಂಗೆ ಎರಡೇ ಕಾಲಿದ್ದಿದ್ದು" ಎಂದಳು. "ನಾಲ್ಕಿದ್ದಿದ್ರೆ ಹೊಸ ಚಪ್ಪಲಿ ಮುಂದಿನ ಕಾಲಿಗೆ ಹಾಕ್ಕೊಂಡು, ಹಿಂದಿನ ಕಾಲಲ್ಲಿ ಕುಂಟ್ತಾ ಇರ್ತಿದ್ರು."

ಯಜಮಾನಿ ಬಿದ್ದುಬಿದ್ದು ನಕ್ಕಳು. ಅಣ್ಣನಿಗೆ ನಗು ಬರಲಿಲ್ಲ.

"ಸರಿ, ಕಾರಣ ಸಿಕ್ತು ಅಂತಿಟ್ಕೋ. ಗಾಡಿ ಸರಿಹೋಯ್ತಾ? ಪ್ಲೇಟುಗಳೇ ಸವೆದು ಹೋಗಿದ್ರೆ ಏನು ಮಾಡ್ತೀಯ?"

ಕಪ್ಪೆಯನ್ನು ಹಾರಿಸಿ ನೋಡದೆ ಅದು ಗೊತ್ತಾಗುವಂಥದ್ದಲ್ಲ.

ಎದುರಿನ ಟೈರ್ ಅಂಗಡಿಯಿಂದ ಮುಂದಿನವುಗಳಂಥದ್ದೇ ಎರಡು ಹೊಸ ಟೈರು ತರಿಸಿ, ಗಾಡಿಯನ್ನು ಮತ್ತೆ ಲಿಫ್ಟಿಗೇರಿಸಿ ಹಿಂದಿನ ಚಕ್ರಗಳಿಗೆ ಹಾಕಿದಳು. ಜರಡಿ ಬೆಳಕಿಗೆ ಹಿಡಿದರೆ ಬೆಳಕು ಸೋರುವಷ್ಟು ಚೊಕ್ಕವಾಗಿತ್ತು. ಪಂಪಿನ ವೈರು ಎರಡನ್ನೂ ಬ್ಯಾಟರಿಗೆ ತಾಗಿಸಿದಳು. ಸದ್ದಿಲ್ಲ. ಬಿಚ್ಚಿದಳು, ಇನ್ನೊಮ್ಮೆ ತೊಳೆದಳು, ಸ್ಪ್ಯಾನರಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿದಳು, ಮತ್ತೆ ತಾಗಿಸಿದಳು. ಗುಂಯ್! ಅಂಗೈಯಲ್ಲಿ ದುಂಬಿ ಹಿಡಿದ ಹಾಗೆ ಪಂಪು ನಡುಗಿತು. ತಂಗಿಗೆ ಹೊಟ್ಟೆಯಲ್ಲಿ ಹಾಲೆರೆದಂತಾಯಿತು. ಪಂಪನ್ನು ಜಾಗದಲ್ಲಿ ಕೂರಿಸಿ, ಅದೇ ಡಬ್ಬದ ಎಣ್ಣೆಯನ್ನು, ಬೇಕೆಂತಲೇ ಅದೇ ಡಬ್ಬದ್ದು, ಕಪ್ಲಿಂಗಿನ ರಂಧ್ರದಿಂದ ತುಳುಕುವವರೆಗೆ ತುಂಬಿಸಿದಳು. ಎಂಜಿನ್ ಓಡಿಸಿ, ಪಂಪು ಎಣ್ಣೆ ಕುಡಿದ ಮೇಲೆ ಮತ್ತೊಮ್ಮೆ ತುಂಬಿಸಿ ಬಿರಡೆ ಬಿಗಿದಳು.

ಗಾಡಿ ಮತ್ತೆ ಇಳಿಜಾರು ಕಟ್ಟೆಯ ಬುಡಕ್ಕೆ ಬಂದು ನಿಂತಿತು. ಅಣ್ಣ ಬಕೆಟ್ಟಿನ ತುಂಬ ಸೋಪಿನ ನೀರು ತಂದು ಮುಂದಿನ ಚಕ್ರಗಳ ಕೆಳಗೆ ಸುರಿದ. ಸಾಲದೆಂದು ಇನ್ನೊಂದು ಬಕೆಟ್ಟು ತಂದ.

"ಸುರಿ, ಸುರಿ. ಮುಂದಿನದಕ್ಕೆ ಸ್ನಾನ ಮಾಡ್ಸು" ಎಂದಳು ತಂಗಿ. "ಹೊಡೀರಿ ಅಕ್ಕ!"

ಮುಂದಿನ ಚಕ್ರಗಳು ಕಣ್ಣು ಮಿಟುಕಿಸುವಷ್ಟು ಹೊತ್ತು ಜಾರಿದವು. ಅಷ್ಟರಲ್ಲಿ ಹಿಂದೆ ಏನೋ ಗಪ್ಪನೆ ಹಿಡಿದುಕೊಂಡಿತು. ಗಾಡಿಯ ಹಿಂಭಾಗ ನೆಲಕ್ಕೆ ಕುಕ್ಕರಿಸಿತು, ಹಿಂಗಾಲು ಒದೆಯಿತು. ಕಪ್ಪೆ ಒಂದೇ ನೆಗೆತಕ್ಕೆ ನೊರೆ ಸೀಳಿ ಕಟ್ಟೆಯ ನೆತ್ತಿ ಹತ್ತಿ, ಅಲ್ಲಿ ಬ್ರೇಕು ಕಿರುಚಿ ನಿಂತಿತು. ಖಾಲಿ ಬಕೆಟ್ಟು ಹಿಡಿದ ಅಣ್ಣನ ಎದೆಯಿಂದ ಮೀಸೆಯವರೆಗೆ ಬರೀ ನೊರೆ.

ಯಜಮಾನಿ ಹಾರ್ನಿನ ಮೇಲೆ ಕೈಯಿಟ್ಟವಳು ತೆಗೆಯಲೇ ಇಲ್ಲ. ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದಳು: "ಮೇಸ್ತ್ರೀ! ಬದುಕ್ತು ಮೇಸ್ತ್ರೀ!"

"ಏನ್ ಮೇಡಂ?" ಎಂದ ಅಣ್ಣ, ಮೀಸೆ ಒರೆಸಿಕೊಳ್ಳುತ್ತ.

"ನಿಮ್ಮನ್ನಲ್ಲ!"

ತಂಗಿ ನಗುವಿಗೆ ಗೋಡೆ ಹಿಡಿದುಕೊಂಡಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಪ್ಲೇಟುಗಳು ಉಳಿದಿದ್ದವು. ಅವಳೂ ಉಳಿದಿದ್ದಳು. ನಗು ತಗ್ಗಿದ ಮೇಲೆ ಅಣ್ಣನ ಎದುರು ಬಂದು ನಿಂತಳು.

"ಈಗ ಹೇಳು."

"ಏನು ಹೇಳೋದು?"

"ಒಪ್ಕೊಂಡಿದ್ದೆಯಲ್ಲ."

ಅಣ್ಣ ಬಕೆಟ್ಟು ಕೆಳಗಿಟ್ಟ, ಮತ್ತೆ ಎತ್ತಿಕೊಂಡ. "ಏನೋ, ಅದೃಷ್ಟ ಚೆನ್ನಾಗಿತ್ತು, ಪ್ಲೇಟ್ ಉಳ್ಕೊಂಡಿದೆ" ಎಂದ. ಆಮೇಲೆ ಕಟ್ಟೆಯ ಕಡೆ ತಿರುಗಿ ದನಿ ಎತ್ತರಿಸಿದ. "ನಮ್ಮ ಗ್ಯಾರೇಜ್ ಕೆಲಸ ಅಂದ್ರೆ ಹಾಗೇ ಮೇಡಂ. ನಾವು ಬಿಡೋರಲ್ಲ."

ತಂಗಿ ಕಾದಳು. ಅಮ್ಮ ಟೀ ತಂದಿಟ್ಟಳು. ಅಣ್ಣ ಲೋಟ ಎತ್ತಿ ಗುಟುಕು ಕುಡಿದ, ಅಂಗಿಯ ನೊರೆ ಕೊಡವಿದ, "ಟೀ ಕುಡಿ, ಆರ್ತಿದೆ" ಎಂದ. ಅದಕ್ಕಿಂತ ಹೆಚ್ಚಿನದು ಅವನ ಬಾಯಿಂದ ಬರುವಂತಿರಲಿಲ್ಲ.

ಬೆಳಿಗ್ಗೆ ಆಗಿದ್ದರೆ ಅವಳು ಲೋಟ ಎಸೆದು ಕಿರುಚಾಡುತ್ತಿದ್ದಳು. ಈಗ ಕೋಪವೇ ಬರಲಿಲ್ಲ. ಆ ಮಾತು ಇಲ್ಲದೆಯೂ ಗಾಡಿ ಗುಡ್ಡ ಹತ್ತುತ್ತದೆ ಎಂಬುದು ಕಟ್ಟೆಯ ನೆತ್ತಿಯ ಮೇಲೆ ಕಣ್ಣೆದುರಿಗೇ ನಿಂತಿತ್ತು. ಅವಳು ಬೆಂಚಿನ ಹತ್ತಿರ ಹೋಗಿ ತನ್ನ ಸ್ಪ್ಯಾನರುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕತೊಡಗಿದಳು. ಸೀಮೆಸುಣ್ಣದ ತುಂಡನ್ನೂ ಹಾಕಿಕೊಂಡಳು.

"ಎಲ್ಲಿಗೆ?" ಎಂದ ಅಣ್ಣ.

"ಟೆಸ್ಟ್ ಡ್ರೈವ್‌ಗೆ."

"ಅದಕ್ಕೆ ಪೆಟ್ಟಿಗೆ ಯಾಕೆ?"

ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು. ಅಮ್ಮ ಗೋಡೆ ತಡವುತ್ತ ಬಂದು, ಅಪ್ಪನ ಸಾಕೆಟ್ ಸೆಟ್ಟನ್ನು ಮೊಳೆಯಿಂದ ಇಳಿಸಿ ಪೆಟ್ಟಿಗೆಯ ಮೇಲಿಟ್ಟಳು. "ಇದನ್ನ ಮರೆತು ಹೋಗ್ತಿದ್ದೆಯಲ್ಲೇ, ಪೆದ್ದಿ. ಬೇಕರಿ ಗೋದಾಮು ಏನು ದೂರ ಇಲ್ಲ, ನಾನೇ ನಡ್ಕೊಂಡು ಬರ್ತೀನಿ. ಬಿಸಿ ಬನ್ನು ಇಟ್ಟಿರು."

ಕಪ್ಪೆ ಕಟ್ಟೆಯಿಂದ ಇಳಿದು ಬಾಗಿಲ ಮುಂದೆ ಬಂದು ನಿಂತಿತು. ಯಜಮಾನಿ ಒಳಗಿನಿಂದ ಕೈ ಚಾಚಿ ಬಾಗಿಲು ತೆರೆದಳು. "ಹತ್ತಿ ಮೇಸ್ತ್ರಿ."

ತಂಗಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾಡಿ ಹೊರಟಾಗ ಪಕ್ಕದ ಕನ್ನಡಿಯಲ್ಲಿ ಅಣ್ಣ ಕಂಡ. ಅವಳ ಟೀ ಲೋಟದ ಮೇಲೆ ತಟ್ಟೆ ಮುಚ್ಚುತ್ತಿದ್ದ, ಈಗ ಬಂದುಬಿಡುತ್ತಾಳೆ ಎಂಬಂತೆ. ಬೀದಿಯ ತಿರುವಿನಲ್ಲಿ ಯಜಮಾನಿ ಆಕ್ಸಿಲರೇಟರ್ ಒತ್ತಿದಳು, ಹಿಂದಿನ ಚಕ್ರಗಳ ಒದೆತ ಬೆನ್ನಿಗೆ ಬಿತ್ತು. ಕನ್ನಡಿಯಲ್ಲಿ ಗ್ಯಾರೇಜು ಕಾಣದಾಯಿತು. ಆ ಟೀ ಕುಡಿಯಲು ಅವಳು ವಾಪಸು ಹೋಗಲಿಲ್ಲ.