ಎಡ ಎಂಜಿನ್ ನಿಂತಾಗ

ಬೆಳಿಗ್ಗೆ ಸ್ನಾನಕ್ಕೆ ಮೊದಲು ಶರತ್ ಇನ್ನೊಂದು ಸಲ ಸತ್ತ.

ನೆಲ ಬಿಟ್ಟು ಇನ್ನೂ ತೆಂಗಿನಮರದ ಎತ್ತರಕ್ಕೂ ಏರಿರಲಿಲ್ಲ, ಎಡ ಎಂಜಿನ್ ನಿಂತಿತು. ಏನಾಯಿತು ಎಂದು ಅವನು ಯೋಚಿಸಿದ. ಯೋಚಿಸುತ್ತಿರುವಾಗಲೇ ವಿಮಾನ ಎಡಕ್ಕೆ ತಿರುಗಿ, ಎಡಕ್ಕೆ ವಾಲಿ, ಹೊಟ್ಟೆ ಮೇಲೆ ಮಾಡಿಕೊಂಡು ಬಿತ್ತು. ಕಂಪ್ಯೂಟರಿನ ಪರದೆ ಕೆಂಪಾಯಿತು. ಮತ್ತೆ ಹಾರುವಿರಾ ಎಂದು ಅದು ಬಹಳ ಮರ್ಯಾದೆಯಿಂದ ಕೇಳಿತು. ಶರತ್ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದ. ಇವತ್ತೊಂದು ದಿನವಾದರೂ ಬದುಕಿ ಹೊರಡಬೇಕೆಂದುಕೊಂಡಿದ್ದ. ಹೆಂಡತಿಯನ್ನು ಕರೆತರಲು ಹೋಗುವ ದಿನ.

ಚೈತ್ರ ತವರಿಗೆ ಹೋಗಿ ಮಳೆಗಾಲ ಕಳೆದು ಭತ್ತದ ಕೊಯ್ಲು ಬಂದಿತ್ತು. ಹೋಗುವಾಗ ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು ಎಂದು ಶರತ್‌ಗೆ ಆಮೇಲೆ ಅನ್ನಿಸಿತು. ಜಗಳಕ್ಕೆ ಒಂದು ಕಾರಣವಾದರೂ ಇರುತ್ತದೆ. ಒಂದು ಸಂಜೆ ಅವಳು ಕಂಪ್ಯೂಟರಿನ ಪಕ್ಕದಲ್ಲಿ ತಟ್ಟೆ ಇಟ್ಟಳು. "ಸತ್ತವ್ರಿಗೆ ಎಡೆ ಇಡೋದು ವರ್ಷಕ್ಕೊಂದ್ಸಲ. ನಾನು ದಿನಾ ಇಡ್ತಿದೀನಿ" ಎಂದಳು. ಮಾರನೆಯ ದಿನ ಸೊರಬದ ಬಸ್ಸು ಹತ್ತಿದಳು. ಅವನು ಆ ಮಾತನ್ನು ಹಲವು ಸಲ ವಿಶ್ಲೇಷಿಸಿದ. ಬಸ್‌ಸ್ಟ್ಯಾಂಡಿಗೆ ಮಾತ್ರ ಹೋಗಲಿಲ್ಲ.

ಶಿಕಾರಿಪುರದ ಕಾಲೇಜೊಂದರಲ್ಲಿ ಅವನು ಭೌತಶಾಸ್ತ್ರದ ಮೇಷ್ಟ್ರು. ಹೆಸರಿನ ಹಿಂದೆ ಡಾಕ್ಟರ್ ಇದೆ. ಎರಡು ಎಂಜಿನ್ನಿನ ಸಣ್ಣ ವಿಮಾನಗಳು ಬಿದ್ದು ಜನ ಸಾಯುವುದೇಕೆ ಎಂಬುದು ಅವನ ಪ್ರಬಂಧದ ವಿಷಯ. ಸ್ವತಃ ವಿಮಾನ ಹತ್ತಿದವನಲ್ಲ. ಶಿವಮೊಗ್ಗದಲ್ಲಿ ನಿಲ್ದಾಣವಾದ ಮೇಲೆ ಬೇಲಿಯ ಹೊರಗೆ ನಿಂತು ನೋಡಿಬಂದಿದ್ದ, ಅಷ್ಟೆ. ಊರವರು ವಿಮಾನ ಮೇಷ್ಟ್ರು ಎನ್ನುತ್ತಿದ್ದರು. ಪಕ್ಕದ ಮನೆಯವರು ಡಾಕ್ಟರ್ ಎಂಬುದನ್ನಷ್ಟೇ ಓದಿಕೊಂಡು ಮಗುವಿನ ಕೆಮ್ಮಿಗೆ ಔಷಧ ಕೇಳಿದ್ದರು. ಅವನು ಕೆಮ್ಮಿನ ಕಾರಣಗಳ ಬಗ್ಗೆ ಅವರೊಡನೆ ಬಹಳ ಹೊತ್ತು ಮಾತಾಡಿದ್ದ. ಅಷ್ಟರಲ್ಲಿ ಮಗುವಿಗೆ ವಾಸಿಯಾಗಿತ್ತು.

ಪ್ರಬಂಧದ ಕೊನೆಗೆ ಅವನು ಬರೆದಿದ್ದು ಇಷ್ಟು: ಒಂದು ಎಂಜಿನ್ ನಿಂತಿತೆಂದು ಸತ್ತವರು ಕಡಿಮೆ, ಇನ್ನೊಂದು ಓಡುತ್ತಿದೆಯಲ್ಲ ಎಂಬ ಧೈರ್ಯದಲ್ಲಿ ತಡಮಾಡಿ ಸತ್ತವರೇ ಹೆಚ್ಚು. ಮಾರ್ಗದರ್ಶಕರು ಈ ವಾಕ್ಯಕ್ಕೆ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದ್ದರು. ಜೀವನದಲ್ಲಿ ಅವನಿಗೆ ಸಿಕ್ಕ ಶಹಬಾಸ್‌ಗಿರಿ ಅದೊಂದೇ.

ಕರೆತರುವ ವ್ಯವಸ್ಥೆಯನ್ನೆಲ್ಲ ಚೈತ್ರಳ ಸೋದರಮಾವ ಭೀಮಣ್ಣ ಮಾಡಿದ್ದ. ಅವಳ ತವರೂರು ಹೊಸಬಾಳೆಯ ಹಾಲಿನ ಸೊಸೈಟಿಯ ಅಧ್ಯಕ್ಷ, ಮೂರು ಜನ ಸೇರಿದರೆ ಪಂಚಾಯ್ತಿ ಶುರುಮಾಡುವ ಮನುಷ್ಯ. ಫೋನಿನಲ್ಲಿ ಶರತ್‌ಗೆ ಪಾಠ ಹೇಳಿದ್ದ.

"ನಾವು ನಾಲ್ಕು ಮಾತು ಆಡ್ತೀವಿ. ನೀವು ಹೂಂ ಅನ್ರಿ. ನಮ್ಮಕ್ಕ ತನ್ನ ಮಗಳಿಗೆ ಮಡಿಲು ತುಂಬ್ತಾಳೆ. ಆಮೇಲೆ ನೀವೇ ಹೊಸಿಲ ಮುಂದೆ ನಿಂತು 'ನಡಿ, ಹೋಗೋಣ' ಅನ್ಬೇಕು. ನಮ್ಮನೇಲಿ ಅದೊಂದು ಪದ್ಧತಿ. ಗಂಡನ ಬಾಯಲ್ಲಿ ಆ ಮಾತು ಬರ್ದೆ ಹೆಣ್ಮಗಳು ಹೊಸಿಲು ದಾಟಲ್ಲ. ಬೇರೆ ಯಾರು ಹೇಳಿದ್ರೂ ನಡಿಯಲ್ಲ."

"ಅಷ್ಟೇನಾ?"

"ಅಷ್ಟೇ. ಎಂಥ ಕಷ್ಟ ಅದರಲ್ಲಿ?"

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕಿತ್ತು. ಬರಿಗೈಯಲ್ಲಿ ಹೋಗುವುದು ಬೇಡವೆಂದು ಶರತ್ ನಜೀರ್ ಸಾಬರ ಬಟ್ಟೆ ಅಂಗಡಿಗೆ ಹೊಕ್ಕ. ಅವನ ಮದುವೆಯ ಜವಳಿ ತೆಗೆದದ್ದು ಅಲ್ಲಿಯೇ. ಒಂದು ಹಸಿರು ಸೀರೆ, ಒಂದು ನೇರಳೆ ಸೀರೆ ಅವನೆದುರು ಬಹಳ ಹೊತ್ತು ಬಿಚ್ಚಿಕೊಂಡು ಬಿದ್ದಿದ್ದವು.

"ಎರಡೂ ಕೊಡಿ," ಎಂದ ಕೊನೆಗೆ. "ಒಂದು ಹಿಡಿಸದಿದ್ದರೆ ಇನ್ನೊಂದು ಇರ್ಲಿ."

ನಜೀರ್ ಸಾಬರು ಕನ್ನಡಕದ ಮೇಲಿಂದ ನೋಡಿದರು. "ಬೇಡ ಸರ್. ಒಂದು ತಗೊಂಡ್ಹೋದ್ರೆ ಪ್ರೀತಿ ಅಂತಾರೆ. ಎರಡು ತಗೊಂಡ್ಹೋದ್ರೆ ಏನೋ ತಪ್ಪು ಮಾಡವ್ರೆ ಅಂತಾರೆ. ಮೂವತ್ತು ವರ್ಷ ಆಯ್ತು ಸೀರೆ ಮಾರ್ತಾ."

"ಆದ್ರೂ ಇರ್ಲಿ."

"ನಿಮ್ಮಿಷ್ಟ. ವ್ಯಾಪಾರ ಬೇಡ ಅನ್ನೋಕೆ ನಂಗೇನು ಹುಚ್ಚಾ?" ಎಂದು ಎರಡನ್ನೂ ಮಡಚಿದರು.

ಸೊರಬದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವನು ಆ ಎರಡು ಮಾತನ್ನು ಅಭ್ಯಾಸ ಮಾಡಿದ. ನಡಿ, ಹೋಗೋಣ. ಜೋರಾಗಿ ಹೇಳಿದರೆ ಪೊಲೀಸಿನವನು ಕರೆದಂತಿತ್ತು. ಮೆತ್ತಗೆ ಹೇಳಿದರೆ ಸಾಲ ಕೇಳಿದಂತಿತ್ತು. ಸ್ವಲ್ಪ ನಗುತ್ತ "ನಡಿ, ಹೋಗೋಣ" ಎಂದ.

"ಎಲ್ಲಿಗಪ್ಪಾ?" ಎಂದಳು ಪಕ್ಕದಲ್ಲಿದ್ದ ಮುದುಕಿ.

ಅವನು ಕಿಟಕಿಯಾಚೆ ನೋಡಿದ. ಚೈತ್ರ ಬೇಕು ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅವಳಿಲ್ಲದ ಮನೆಯಲ್ಲಿ ಸಾಯುವುದಕ್ಕೂ ಅರ್ಥವಿರಲಿಲ್ಲ, ಯಾರೂ ಬೈಯುತ್ತಿರಲಿಲ್ಲ. ಇಷ್ಟನ್ನೇ ಅವಳಿಗೆ ಹೇಳಿಬಿಟ್ಟರೆ ಮುಗಿಯಿತು ಎಂದುಕೊಂಡ. ಆಮೇಲೆ, ಇಷ್ಟನ್ನೇ ಎಂದರೆ ಎಷ್ಟನ್ನು ಎಂದು ಯೋಚಿಸತೊಡಗಿ ಹೊಸಬಾಳೆಯ ಸ್ಟಾಪಿನಲ್ಲಿ ಇಳಿಯುವುದನ್ನು ಮರೆತ. ಮುಂದಿನ ಸ್ಟಾಪಿನಿಂದ ನಡೆದು ವಾಪಸು ಬಂದ.

ಮನೆಯಂಗಳದಲ್ಲಿ ಒಂದು ಬೆಂಚು ಹಾಕಿದ್ದರು. ಮಾವ ಆನಂದಪ್ಪ, ಭೀಮಣ್ಣ, ಮತ್ತು ಪಂಚಾಯ್ತಿ ಎಂದರೆ ಊಟ ಬಿಟ್ಟು ಬರುವ ಎದುರು ಮನೆಯ ಕಲ್ಲಪ್ಪ ಜಗಲಿಯಲ್ಲಿ ಕಾಯುತ್ತಿದ್ದರು. ಅತ್ತೆ ವರದಮ್ಮ ಸೀರೆಯ ಪೊಟ್ಟಣ ಬಿಚ್ಚಿದರು. "ಎರಡ್ಯಾಕೆ?" ಎಂದು ಅಳಿಯನ ಮುಖವನ್ನು ಒಂದು ಥರ ನೋಡಿದರು. ನಜೀರ್ ಸಾಬರ ಮೂವತ್ತು ವರ್ಷ ಸುಳ್ಳಾಗಲಿಲ್ಲ.

ಚೈತ್ರ ನೀರಿನ ಚೊಂಬು ತಂದಳು.

"ಚೆನ್ನಾಗಿದೀರಾ?"

"ಹೂಂ. ನೀನು?"

"ಇದೀನಿ." ಚೊಂಬನ್ನು ಅವನ ಕೈಗಿತ್ತಳು. "ಕಂಪ್ಯೂಟರು?"

"ಮಾರ್ತೀನಿ."

"ಮಾರ್ತೀರೋ, ಮಾರಿದ್ರೋ?"

"ಗಿರಾಕಿ ಬರ್ಬೇಕಲ್ಲ."

"ಇವತ್ತು ಬೆಳಿಗ್ಗೆ ಸತ್ರಾ?"

ಶರತ್ ಚೊಂಬಿನೊಳಗೆ ನೋಡಿದ. "ಒಂದೇ ಸಲ."

ಅವಳ ತುಟಿಯ ತುದಿ ಅಲುಗಿತು. ನಗುವನ್ನು ಕಚ್ಚಿ ಹಿಡಿದುಕೊಂಡು ಒಳಗೆ ಹೋದಳು. ಬರುತ್ತಾಳೆ, ಖಂಡಿತ ಬರುತ್ತಾಳೆ ಎಂದುಕೊಂಡ ಶರತ್. ಅವಳ ಚೀಲ ಬಾಗಿಲ ಪಕ್ಕದಲ್ಲಿ ಕಟ್ಟಿ ಇಟ್ಟಿದ್ದು ಅವನಿಗೆ ಕಾಣುತ್ತಿತ್ತು.

ಭೀಮಣ್ಣ ಗಂಟಲು ಸರಿಮಾಡಿಕೊಂಡ. "ನೋಡ್ರಿ ಮೇಷ್ಟ್ರೆ, ಕಾರಣ ಇಲ್ದೆ ಹೆಣ್ಮಗಳು ತವರಿಗೆ ಬಂದು ಕೂರಲ್ಲ. ಕಾರಣ ಒಂದು ಹೇಳ್ರಿ. ಸರಿ ಮಾಡಣ, ಕಾಫಿ ಕುಡಿಯಣ."

ಹೂಂ ಎನ್ನಬೇಕಿತ್ತು. ಪಾಠದಲ್ಲಿ ಅಷ್ಟೇ ಇತ್ತು.

"ಒಂದೇ ಕಾರಣ ಅಂತ ಇರೋದಿಲ್ಲ," ಎಂದ ಶರತ್.

"ಹಂಗಾರೆ ಎರಡು ಹೇಳ್ರಿ."

"ಒಂದರ ಹಿಂದೆ ಒಂದು ಸೇರ್ಕೊಳ್ಳುತ್ತೆ. ಈಗ ಎರಡು ಎಂಜಿನ್ ವಿಮಾನಾನೇ ತಗೊಳ್ಳಿ."

"ವಿಮಾನ ಯಾಕೆ ತಗೊಳಣ?" ಎಂದ ಆನಂದಪ್ಪ ಗಾಬರಿಯಾಗಿ.

ಆದರೆ ವಿಮಾನ ಅಷ್ಟರಲ್ಲಿ ನೆಲ ಬಿಟ್ಟಾಗಿತ್ತು. ಶರತ್ ಎದ್ದು ನಿಂತು ಕೈಗಳನ್ನು ಅಗಲಿಸಿದ. ಎಡ ಎಂಜಿನ್ ನಿಲ್ಲುತ್ತದೆ, ಬಲದ್ದು ಎಳೆಯುತ್ತಲೇ ಇರುತ್ತದೆ, ಮೂತಿ ನಿಂತ ಎಂಜಿನ್ನಿನ ಕಡೆಗೇ ತಿರುಗುತ್ತದೆ. ವೇಗ ಕಡಿಮೆಯಿದ್ದರೆ ಪೈಲಟ್ ಬಲಗಾಲಿನ ಪೆಡಲನ್ನು ಎಷ್ಟು ತುಳಿದರೂ ತಡೆಯುವುದಿಲ್ಲ.

"ಒಂದೆತ್ತು ಮಲಗಿದ್ರೆ ಇನ್ನೊಂದೆತ್ತು ಗಾಡಿನ ಚರಂಡಿಗೆ ಎಳ್ದಂಗೆ," ಎಂದ ಆನಂದಪ್ಪ. ಅವನ ಗಾಬರಿ ಹೋಗಿ ಈಗ ಆಸಕ್ತಿ ಹುಟ್ಟಿತ್ತು.

"ಹಂಗಾರೆ ಎರಡನೇ ಎಂಜಿನ್ ಇಟ್ಟು ಏನುಪಯೋಗ?" ಭೀಮಣ್ಣ ಕೇಳಿದ.

"ಬೀಳೋ ಜಾಗದವರೆಗೆ ಕರ್ಕೊಂಡು ಹೋಗುತ್ತೆ."

ಜಗಲಿ ಘೊಳ್ಳೆಂದಿತು. ಶರತ್‌ಗೆ ಹಿಗ್ಗಾಯಿತು. ಕ್ಲಾಸಿನಲ್ಲಿ ಇದೇ ಮಾತಿಗೆ ಇದುವರೆಗೆ ಯಾರೂ ನಕ್ಕಿರಲಿಲ್ಲ.

"ಎಂಥದೇ ಹೇಳ್ರಿ, ತಪ್ಪು ಡ್ರೈವರ್ದೇ," ಎಂದ ಕಲ್ಲಪ್ಪ. "ಯಾವ ಆಕ್ಸಿಡೆಂಟಲ್ಲೂ ಡ್ರೈವರ್ದೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ಅಷ್ಟು ಸುಲಭವಾಗಿ ಹೇಳೋಕಾಗಲ್ಲ!" ಎಂದು ಶರತ್ ಕಿರುಚಿಯೇಬಿಟ್ಟ. "ತೋರಿಸ್ತೀನಿ ಬನ್ನಿ."

ತೋರಿಸುವುದಕ್ಕೆ ನಿಜವಾದ ಕುಂಬಳಕಾಯಿಯೇ ಸಿಕ್ಕಿತು, ಜಗಲಿಯ ಮೂಲೆಯಲ್ಲಿತ್ತು. ಬೆಂಚನ್ನು ಅಡ್ಡ ಹಿಡಿದು ಎಡತುದಿಗೆ ಭೀಮಣ್ಣ, ಬಲತುದಿಗೆ ಕಲ್ಲಪ್ಪ ನಿಂತರು. ನಡುವೆ ಕುಂಬಳಕಾಯಿಯನ್ನು ಕೂರಿಸಿದರು. "ನಡೀರಿ," ಎಂದ ಶರತ್. ನಡೆದರು. "ಭೀಮಣ್ಣ, ನಿಲ್ಲಿ!" ಭೀಮಣ್ಣ ಗಕ್ಕನೆ ನಿಂತ. ಕಲ್ಲಪ್ಪ ನಡೆಯುತ್ತಲೇ ಇದ್ದ. ಬೆಂಚು ಗಿರ್ರೆಂದು ಎಡಕ್ಕೆ ತಿರುಗಿ, ಕುಂಬಳಕಾಯಿ ಹಾರಿ ಬಿದ್ದು ಅಂಗಳದ ತುಂಬ ಬೀಜ ಚೆಲ್ಲಿತು.

"ಪೈಲಟ್ ಹೋದ," ಎಂದ ಕಲ್ಲಪ್ಪ ಗಂಭೀರವಾಗಿ.

"ನಿಮ್ಮನೆ ಕಾಯ್ಹೋಗ! ಹುಳಿಗೆ ಇಟ್ಟಿದ್ನಲ್ರೋ ಅದನ್ನ!" ಎಂದು ವರದಮ್ಮ ಒಳಗಿಂದ ಕೂಗಿದರು. "ಹೋಗ್ಲಿ ಬಿಡಕ್ಕ, ಇಬ್ಬರ ದೃಷ್ಟಿನೂ ಹೋತು," ಎಂದ ಭೀಮಣ್ಣ.

ಒಳಗೆ ಚೈತ್ರ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯದೆ ಉಕ್ಕಿಬಂದ ನಗು. ಮದುವೆಯ ಹೊಸದರಲ್ಲಿ ಅವಳು ಹೀಗೆ ನಗುತ್ತಿದ್ದಳು. ಶರತ್ ಅಂಗಳದ ನಡುವೆ ಕೈ ಅಗಲಿಸಿಕೊಂಡೇ ನಿಂತು ಕೇಳಿದ. ಇಷ್ಟು ದಿನ ತಾನು ಕಾದದ್ದು ಇದಕ್ಕೇ ಎಂದು ಗೊತ್ತಾಗಿ ಅವನ ಕಣ್ಣು ಮಂಜಾಯಿತು.

ನಗುವಿನಿಂದ ಎಲ್ಲ ಸರಾಗವಾಯಿತು. ನಾಲ್ಕು ಮಾತು ಆಡುವ ಅಗತ್ಯವೇ ಬೀಳಲಿಲ್ಲ. ವರದಮ್ಮ ದೇವರ ಮುಂದೆ ಮಗಳನ್ನು ನಿಲ್ಲಿಸಿ ಮಡಿಲು ತುಂಬಿದರು. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಕುಪ್ಪಸದ ಕಣ. ಚೈತ್ರ ಹಸಿರು ಸೀರೆ ಉಟ್ಟಿದ್ದಳು. ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅವಚಿಕೊಂಡು ಬಂದು ಹೊಸಿಲ ಒಳಗೆ ನಿಂತಳು. ಭೀಮಣ್ಣ ಕಣ್ಣಿನಲ್ಲೇ "ಹೂಂ, ಅನ್ರಿ" ಎಂದ.

ಶರತ್ ಹೊಸಿಲ ಮುಂದೆ ಬಂದ. ಬಾಯಿ ತೆರೆದ. ಮಾತು ನಾಲಗೆಯ ತುದಿಗೆ ಬಂದಿತ್ತು.

"ಮೇಷ್ಟ್ರೆ," ಹಿಂದಿನಿಂದ ಕಲ್ಲಪ್ಪ ಕೇಳಿದ. ಅವನ ಕೈಯಲ್ಲಿ ಇನ್ನೂ ಬೆಂಚಿನ ತುದಿ ಇತ್ತು. "ಒಂದು ಡೌಟು. ಆ ಪೈಲಟ್ ಬದುಕ್ಬೋದಿತ್ತಾ?"

ಯಾರೂ ಕೇಳಿರಲಿಲ್ಲ. ಮೌಖಿಕ ಪರೀಕ್ಷೆಗೆ ಬಂದ ಇಬ್ಬರು ಪ್ರೊಫೆಸರುಗಳು ಊಟದ ಬಗ್ಗೆ ಕೇಳಿದ್ದರು. ಸಹೋದ್ಯೋಗಿಗಳು ಟಿಕೆಟ್ಟಿನ ಬೆಲೆ ಕೇಳಿದ್ದರು. ಚೈತ್ರ ಊಟಕ್ಕೆ ಯಾವಾಗ ಏಳುತ್ತೀರಿ ಎಂದು ಕೇಳಿದ್ದಳು. ಬದುಕಬಹುದಿತ್ತೇ ಎಂದು ಇಷ್ಟು ವರ್ಷದಲ್ಲಿ ಒಂದು ನರಪಿಳ್ಳೆಯೂ ಕೇಳಿರಲಿಲ್ಲ.

"ಒಂದು ನಿಮಿಷ," ಎಂದ ಶರತ್ ಚೈತ್ರಳಿಗೆ.

ಅವಳು ಮಡಿಲನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದುಕೊಂಡಳು. ಭಾರವಿತ್ತು.

"ಬದುಕಬಹುದಿತ್ತು!" ಶರತ್ ಅಂಗಳಕ್ಕೆ ಇಳಿದೇಬಿಟ್ಟ. "ಬಹಳ ಸುಲಭ. ಯೋಚಿಸ್ತಾ ಕೂರಬಾರದು, ಅಷ್ಟೇ. ನಾನೇ ಕೂತು ತೋರಿಸ್ತೀನಿ. ಹಿಡೀರಿ."

"ಮೇಷ್ಟ್ರೆ, ಮೊದ್ಲು ಅಲ್ಲಿ..." ಎಂದ ಆನಂದಪ್ಪ.

"ಒಂದೇ ನಿಮಿಷ ಮಾವ."

ಭೀಮಣ್ಣ ಒಲ್ಲದ ಮನಸ್ಸಿನಿಂದ ಎಡತುದಿ ಎತ್ತಿದ. ಕಲ್ಲಪ್ಪ ಬಲತುದಿ ಎತ್ತಿದ. ಬೆಂಚಿನ ಮೇಲೆ ಶರತ್ ಕಾಲು ಇಳಿಬಿಟ್ಟು ಕುಳಿತ. ನೆಲ ಬಿಟ್ಟ ಕಾಲಿಗೆ ಹಗುರವಾಯಿತು. ಜೀವಮಾನದಲ್ಲಿ ಅವನು ಗಾಳಿಯಲ್ಲಿ ಇದ್ದದ್ದು ಇದೇ ಮೊದಲು.

ನಾಲ್ಕು ಹೆಜ್ಜೆ ನಡೆದಿರಬೇಕು, ಭೀಮಣ್ಣನ ಫೋನು ಹೊಡೆದುಕೊಂಡಿತು. ಅವನು ನಿಂತ. ಬೆಂಚಿನ ತುದಿಯನ್ನು ಕಂಕುಳಲ್ಲಿ ಒತ್ತಿಕೊಂಡು, "ಆಂ, ಹೇಳು. ಏನಿಲ್ಲ, ಇಲ್ಲೇ ಒಂದು ಪಂಚಾಯ್ತಿ. ಎಷ್ಟು ಲೀಟರ್ ಬಂತು?" ಎಂದ. ಕಲ್ಲಪ್ಪ ನಡೆಯುತ್ತಲೇ ಇದ್ದ. ಬೆಂಚು ಎಡಕ್ಕೆ ತಿರುಗಿತು.

ಬಾಗಿಲು ಕಣ್ಣೆದುರಿಗೆ ಬಂತು. ಹಸಿರು ಸೀರೆ, ತುಂಬಿದ ಮಡಿಲು, ತನ್ನನ್ನೇ ನೋಡುತ್ತಿದ್ದ ಚೈತ್ರ. ಹೋಯಿತು. ಕೊಟ್ಟಿಗೆ ಬಂತು, ಹುಲ್ಲಿನ ಬಣವೆ ಬಂತು.

"ಕಲ್ಲಪ್ಪ, ನಿಧಾನ! ಓಡೋ ಎಂಜಿನ್ ನಿಧಾನ ಆಗ್ಬೇಕು!"

"ಅದ್ಹೆಂಗ್ರಿ? ಅದೂ ನಿಧಾನ ಆದ್ರೆ ಬೀಳಲ್ವಾ?" ಕಲ್ಲಪ್ಪ ಎಳೆದ. ವಿಮಾನವನ್ನು ಉಳಿಸುವ ಹಟ ಅವನಿಗೆ ಬಂದುಬಿಟ್ಟಿತ್ತು.

ಮತ್ತೆ ಬಾಗಿಲು ಬಂತು. ಚೈತ್ರ ಇರಲಿಲ್ಲ. ಹೊಸಿಲ ಮೇಲೆ ಅಕ್ಕಿ ರಾಶಿಯಾಗಿ ಬಿದ್ದಿತ್ತು, ತೆಂಗಿನಕಾಯಿ ಜಗಲಿಯ ತನಕ ಉರುಳಿ ಬಂದು ನಿಂತಿತ್ತು. ವರದಮ್ಮ ಬಗ್ಗಿ ಅಕ್ಕಿ ಬಳಿಯುತ್ತಿದ್ದರು. ಶರತ್ ಬಲಗಾಲಿನಿಂದ ಗಾಳಿಯನ್ನು ಬಲವಾಗಿ ತುಳಿದ. ಕಾಲಿಗೆ ಏನೂ ಸಿಗಲಿಲ್ಲ.

ಏನಾಯಿತು ಎಂದು ಅವನು ಯೋಚಿಸಿದ.

ಮೂರನೆಯ ಸಲ ಬಾಗಿಲು ಬರುವ ಹೊತ್ತಿಗೆ ಅದರ ಒಂದು ರೆಕ್ಕೆ ಮುಚ್ಚಿತ್ತು. ಇನ್ನೊಂದನ್ನು ಹಿಡಿದಿದ್ದ ಹಸಿರು ಬಳೆಯ ಕೈ ಮಾತ್ರ ಕಂಡಿತು. ಆಗ, ಎದೆ ಬಿರಿಯುವ ಹಾಗೆ, ಅವನ ಬಾಯಿಂದ ಆ ಮಾತು ಬಂತು.

"ನಡಿ, ಹೋಗೋಣ!"

ಅಷ್ಟರಲ್ಲಿ ಬಾಗಿಲು ದಾಟಿಹೋಗಿತ್ತು. ಎದುರಿಗೆ ಬಣವೆ ಇತ್ತು.

"ಆತು ಮೇಷ್ಟ್ರೆ," ಎಂದ ಕಲ್ಲಪ್ಪ. ಏದುಸಿರು ಬಿಡುತ್ತ, ಕುಂಬಳದ ಬೀಜಗಳನ್ನು ತುಳಿಯುತ್ತ, ಇನ್ನೂ ಜೋರಾಗಿ ನಡೆದ. ಬೆಂಚು ಎಡಕ್ಕೆ ತಿರುಗಿತು.