ಯಾವ ಟೀಮಿಗೂ ಸೇರದವಳು

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುವ ಆ ಸಣ್ಣ ಕಂಪನಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಸೈ ಅಕ್ಕ’ ಎಂದು. ಎಲ್ಲದಕ್ಕೂ ಸೈ ಎಂದು ಯಾರೋ ತಮಾಷೆಗೆ ಇಟ್ಟ ಹೆಸರು ಹದಿನಾರು ವರ್ಷ ಅಂಟಿಕೊಂಡಿತ್ತು. ನೇಮಕಪತ್ರದಲ್ಲಿದ್ದದ್ದು ‘ಫುಲ್‌ಸ್ಟ್ಯಾಕ್ ಡೆವಲಪರ್’. ಅಂದರೆ ರೋಗಿಯ ಕಣ್ಣಿಗೆ ಕಾಣುವ ಪರದೆಯಿಂದ ಹಿಡಿದು ತಳದಲ್ಲಿ ಮಾಹಿತಿ ಕೂಡಿಡುವ ಡೇಟಾಬೇಸ್‌ವರೆಗೆ ಎಲ್ಲವೂ ಅವಳದೇ. ಸರ್ವರ್ ಕೈಕೊಟ್ಟರೂ ಅವಳೇ, ನರ್ಸ್ ಫೋನಿನಲ್ಲಿ ರೇಗಿದರೂ ಅವಳೇ.

ಒಂದು ದಿನ ಕಂಪನಿಯನ್ನು ದೊಡ್ಡವರು ಯಾರೋ ಕೊಂಡುಕೊಂಡರು. ಹೊಸ ಮ್ಯಾನೇಜರ್ ಕೆಟ್ಟವನೇನಲ್ಲ. ನಗುತ್ತಲೇ ಕುರ್ಚಿ ಎಳೆದುಕೊಂಡು ಕೂತ.

“ಒಂದೊಂದು ಕೆಲಸಕ್ಕೆ ಒಂದರಂತೆ ನಾಲ್ಕು ಟೀಮ್ ಮಾಡ್ತಿದೀವಿ ಮೇಡಂ. ನೀವು ಯಾವುದಕ್ಕೆ?”

“ಯಾವುದಕ್ಕಾದ್ರೂ ಹಾಕಿ, ಮಾಡ್ತೀನಿ.”

“ಹಾಗಂದ್ರೆ ಹೇಗೆ? ನಿಮ್ಮದು ಅಂತ ಒಂದು ಇರಬೇಕಲ್ಲ?”

ಕೊನೆಗೆ ಅವಳು ಯಾವುದಕ್ಕೆ ಸಲ್ಲುತ್ತಾಳೆಂದು ಟೀಮಿನವರೇ ಪರೀಕ್ಷಿಸಿ ನೋಡುವುದೆಂದಾಯಿತು.

ಒಂದೊಂದು ಟೀಮಿನವರೂ ಅವಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಮೊದಲ ಮೂರು ಟೀಮಿನವರೂ ಬೇಡವೆಂದರು. ಕೊನೆಯದು ಡೇಟಾಬೇಸ್ ಟೀಮು. ಅದಕ್ಕೆ ಮುಖ್ಯಸ್ಥೆಯಾದವಳು ಇವಳೇ ಕೈಹಿಡಿದು ಕೆಲಸ ಕಲಿಸಿದ ಹುಡುಗಿ. ಪ್ರಶ್ನೆ ಕೇಳುವಾಗ ಅವಳು ತಲೆಯೆತ್ತಲಿಲ್ಲ. ಐದರಲ್ಲಿ ಎರಡಕ್ಕೆ ಸೈ ಅಕ್ಕನಿಗೆ ಉತ್ತರ ಹೊಳೆಯಲಿಲ್ಲ.

“ಅಕ್ಕಾ, ಎಲ್ಲಾ ಹೇಳಿದ್ರಿ ಅಂತ ಸುಳ್ಳು ಬರೆಯೋಕಾಗಲ್ಲ ನಂಗೆ.”

“ಬರೀಬೇಡ ಕಣೇ. ಅದೊಂದನ್ನ ನಾನು ಕಲಿಸಿಲ್ಲವಲ್ಲ,” ಎಂದು ನಗಲು ನೋಡಿದಳು. ಹುಡುಗಿ ಅತ್ತಳು. ಅವಳ ಬೆನ್ನು ಸವರಿ ಸಮಾಧಾನ ಮಾಡುವ ಕೆಲಸವೂ ಇವಳದೇ ಆಯಿತು.

ಕೆಲಸ ಹೋದ ದಿನ ಮನೆಯಲ್ಲಿ ಗಂಡ ಬೂಟು ಬಿಚ್ಚುತ್ತಾ ಕೂತಿದ್ದ. ಬಸ್ ಓಡಿಸಿ ದಣಿದು ಬಂದಿದ್ದ. “ಅಷ್ಟೆಲ್ಲಾ ಗೊತ್ತಿರೋರನ್ನ ಯಾರಾದ್ರೂ ಬಿಡ್ತಾರೇನೇ?”

“ಅದಕ್ಕೇ ಬಿಟ್ರು ರೀ,” ಎಂದಳು. ಅವನಿಗೆ ಅರ್ಥವಾಗಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

ನಾಲ್ಕು ತಿಂಗಳು ಅಲೆದ ಮೇಲೆ ಟಿಕೆಟ್ ಮಾರುವ ಬೇರೊಂದು ಕಂಪನಿಯಲ್ಲಿ ಬರೀ ಪರದೆ ಮಾಡುವ ಕೆಲಸ ಸಿಕ್ಕಿತು. ಒಂದು ಮಧ್ಯಾಹ್ನ ಟಿಕೆಟ್ ಕಾಯ್ದಿರಿಸುವ ಪುಟ ತೆರೆಯದೆ ನಿಂತಿತು. ತಪ್ಪು ಡೇಟಾಬೇಸಿನದು ಎಂದು ಅವಳಿಗೆ ನೋಡಿದ ಕೂಡಲೇ ತಿಳಿಯಿತು. ಹೇಳಿಬರೋಣವೆಂದು ಎದ್ದಳು.

“ಅದು ನಮ್ಮ ತಲೆನೋವಲ್ಲ ಬಿಡಿ ಮೇಡಂ,” ಎಂದ ಪಕ್ಕದವನು.

ಕೂತಳು. ಮನಸ್ಸು ತಡೆಯದೆ ಡೇಟಾಬೇಸ್ ಟೀಮಿಗೆ ಎರಡು ಸಾಲು ಬರೆದು ಕಳಿಸಿದಳು. ‘ನೀವು ಯಾವ ಟೀಮು?’ ಎಂದು ಉತ್ತರ ಬಂತು. ‘ಪರದೆ’ ಎಂದು ಬರೆದಳು. ಆಮೇಲೆ ಅತ್ತಲಿಂದ ಸದ್ದಿಲ್ಲ.

ಪುಟ ಸರಿಹೋಗಲು ಎರಡು ದಿನ ಹಿಡಿಯಿತು. ಆ ಎರಡು ದಿನವೂ ಅವಳು ಬಟನ್ನುಗಳ ಬಣ್ಣ ತಿದ್ದುತ್ತಾ ಕೂತಿದ್ದಳು.